ಟ್ಯೂಬಿಲ್ಲದ ಟಯರು

ಹಾಸನದಿಂದ ಹೊಳೆನರಸೀಪುರಕ್ಕೆ ಸುಮಾರು 30 ಕಿಲೋಮೀಟರು. ಒಬ್ಬ ತರುಣನು ಇಬ್ಬನಿ ಆರುವ ಮೊದಲೇ ತನ್ನ ತೆಳುಗಾಲಿಯ ಓಟದ ಸೈಕಲ್ಲನ್ನೇರಿ ಹಾಸನವನ್ನು ಬಿಟ್ಟನೆಂದು ಭಾವಿಸಬಹುದು. ಹೊಳೆನರಸೀಪುರವನ್ನು ಮುಟ್ಟಿ, ಹೇಮಾವತಿಯ ತಂಗಾಳಿಯನ್ನು ಸೇವಿಸಿ, ಹರದನಹಳ್ಳಿಯನ್ನೂ ಕಂಡು, ಊಟದ ಹೊತ್ತಿಗೆ ಮನೆ ಸೇರಬೇಕೆಂಬುದು ಅವನ ಸಂಕಲ್ಪ. 1933ರಲ್ಲಿ ಎಚ್. ಡಿ. ದೇವೇಗೌಡರು ಹುಟ್ಟಿದ ಊರು ಹರದನಹಳ್ಳಿ. 1996ರಲ್ಲಿ ಅವರು ದೇಶದ ಪ್ರಧಾನಿಯಾದಾಗ ಆ ಪುಟ್ಟ ಗ್ರಾಮದ ಹೆಸರು ದೆಹಲಿಯವರೆಗೂ ಹೋಯಿತು. ತರುಣನ ಕಾಲಿಗೆ ಬಲವುಂಟು, ಸೈಕಲ್ಲಿಗೆ ಬೆಲೆಯುಂಟು. ಆದರೆ ದಾರಿಯಲ್ಲಿ ಬಿದ್ದಿರುವ ಜಾಲಿಯ ಮುಳ್ಳಿಗೆ ಇವೆರಡರ ಮೇಲೂ ಗೌರವವಿಲ್ಲ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳ್ಳಿದಾರಿಗಳಲ್ಲಿ ಸುತ್ತಿದವರಿಗೆ ಈ ಮಾತು ಹೊಸದಲ್ಲ. ಸುಗ್ಗಿಯ ಕಾಲದಲ್ಲಿ ರೈತರು ರಾಗಿಯ ತೆನೆಯನ್ನೂ ಹುರುಳಿಯ ಬಳ್ಳಿಯನ್ನೂ ಡಾಂಬರು ರಸ್ತೆಯ ಮೇಲೆಯೇ ಹರಡುತ್ತಾರೆ. ಹಾದುಹೋಗುವ ಬಸ್ಸು ಲಾರಿಗಳೇ ಒಕ್ಕಣೆಯ ಗುಂಡಾಗುತ್ತವೆ. ಆ ಹುಲ್ಲಿನ ಹಾಸಿಗೆಯ ಅಡಿಯಲ್ಲಿ ಕಲ್ಲಿದೆಯೋ ಮುಳ್ಳಿದೆಯೋ ಸವಾರನಿಗೆ ಕಾಣದು. ಹಿಂದಿನ ಕಾಲದಲ್ಲಿ ಎತ್ತಿನ ಕಾಲಿನಿಂದ ಕಳಚಿದ ಲಾಳದ ಮೊಳೆ ಸೈಕಲ್ಲಿನ ಪರಮಶತ್ರುವಾಗಿತ್ತು. ಈಗ ಎತ್ತಿನ ಗಾಡಿ ಅಪರೂಪ; ಗಾಜಿನ ಚೂರೂ ಸವೆದ ಲಾರಿ ಟಯರಿನಿಂದ ಉದುರಿದ ಸಣ್ಣ ತಂತಿಯೂ ಆ ಹುದ್ದೆಯನ್ನು ವಹಿಸಿಕೊಂಡಿವೆ.

ಗಾಳಿ ತುಂಬಿದ ಟಯರಿನ ಕಥೆ ಪುರಾತನವೇನೂ ಅಲ್ಲ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿಯೇ ಅದಕ್ಕೆ ಹಕ್ಕುಪತ್ರವನ್ನು ಪಡೆದಿದ್ದನಾದರೂ ಲೋಕವು ಅದನ್ನು ಮರೆಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ತನ್ನ ಮಗನ ಮೂರು ಗಾಲಿಯ ಸೈಕಲ್ಲು ಕುಲುಕದಿರಲೆಂದು ರಬ್ಬರಿನ ಕೊಳವೆಗೆ ಗಾಳಿ ತುಂಬಿ ಗಾಲಿಗೆ ಸುತ್ತಿದನು. ಸವಾರಿ ಸುಖವಾಯಿತು; ಆದರೆ ಟಯರು ಗಾಲಿಗೆ ಅಂಟಿಕೊಂಡಿದ್ದುದರಿಂದ ತೂತು ಬಿದ್ದರೆ ದುರಸ್ತಿಗೆ ಅರ್ಧ ದಿನ ಬೇಕಾಗುತ್ತಿತ್ತು. 1891ರಲ್ಲಿ ಫ್ರಾನ್ಸಿನ ಮಿಷಲಿನ್ ಸೋದರರು ಬಿಚ್ಚಿ ಹಾಕಬಲ್ಲ ಟಯರನ್ನು ರೂಪಿಸಿದರು. ಅದೇ ವರ್ಷ ನಡೆದ ಪ್ಯಾರಿಸ್‌–ಬ್ರೆಸ್ಟ್‌–ಪ್ಯಾರಿಸ್ ಎಂಬ ಸುಮಾರು 1,200 ಕಿಲೋಮೀಟರಿನ ಮಹಾ ಪಂದ್ಯವನ್ನು ಶಾರ್ಲ್ ತೆರಾಂ ಆ ಟಯರಿನ ಮೇಲೆಯೇ ಗೆದ್ದನು. ಅಂದಿನಿಂದ ಟಯರು ಹೊರಗೆ, ಟ್ಯೂಬು ಒಳಗೆ ಎಂಬ ಸಂಸಾರ ನೂರು ವರ್ಷಕ್ಕೂ ಮಿಕ್ಕಿ ನಡೆದುಬಂದಿದೆ.

ಮೋಟಾರು ಕಾರುಗಳಲ್ಲಿ ಈ ಸಂಸಾರ ಬೇಗನೆ ಮುರಿಯಿತು. ಅಮೆರಿಕದಲ್ಲಿ 1955ರ ವೇಳೆಗೆ ಹೊಸ ಕಾರುಗಳು ಟ್ಯೂಬಿಲ್ಲದ ಟಯರಿನೊಡನೆಯೇ ಹೊರಬರತೊಡಗಿದವು. ಸೈಕಲ್ಲು ಮಾತ್ರ ಹಿಂದೆ ಉಳಿಯಿತು. ಅದಕ್ಕೆ ಕಾರಣಗಳುಂಟು. ಸೈಕಲ್ಲಿನ ರಿಮ್ಮಿನಲ್ಲಿ ಕಡ್ಡಿಗಳಿಗಾಗಿ ಕೊರೆದ ತೂತುಗಳಿರುತ್ತವೆ; ಅವುಗಳ ಮೂಲಕ ಗಾಳಿ ಸೋರುತ್ತದೆ. ಟಯರಿನ ಅಂಚು ತೆಳ್ಳಗಿದ್ದು, ಒಳಗಿನ ಒತ್ತಡ ಕಾರಿನದಕ್ಕಿಂತ ಎಷ್ಟೋ ಹೆಚ್ಚಾಗಿರುತ್ತದೆ. ಅಂಚು ಎಳ್ಳಷ್ಟು ಹಿಗ್ಗಿದರೂ ಟಯರು ರಿಮ್ಮಿನಿಂದ ಹಾರಿಹೋದೀತು. 1999ರಲ್ಲಿ ಬೆಟ್ಟ ಹತ್ತುವ ಸೈಕಲ್ಲುಗಳಿಗೂ 2006ರಲ್ಲಿ ರಸ್ತೆಯ ಓಟದ ಸೈಕಲ್ಲುಗಳಿಗೂ ಟ್ಯೂಬಿಲ್ಲದ ಟಯರುಗಳು ಮಾರುಕಟ್ಟೆಗೆ ಬಂದವು.

ಇದರ ಯುಕ್ತಿ ಸರಳವಾದುದು. ರಿಮ್ಮಿನ ಒಳಮೈಗೆ ಗಾಳಿ ಸೋರದ ಪಟ್ಟಿಯನ್ನು ಬಿಗಿಯಾಗಿ ಅಂಟಿಸಿ ಕಡ್ಡಿಯ ತೂತುಗಳನ್ನು ಮುಚ್ಚುತ್ತಾರೆ. ವಾಲ್ವು ನೇರವಾಗಿ ರಿಮ್ಮಿಗೇ ಕೂರುತ್ತದೆ. ಟಯರನ್ನು ಹಾಕಿ ಒಮ್ಮೆಲೇ ರಭಸದಿಂದ ಗಾಳಿ ನುಗ್ಗಿಸಿದರೆ ಅಂಚುಗಳು ಟಪ್ಪೆಂದು ಸದ್ದು ಮಾಡಿ ತಮ್ಮ ನೆಲೆಯಲ್ಲಿ ಕೂರುತ್ತವೆ. ಬಳಿಕ 30ರಿಂದ 60 ಮಿಲಿಲೀಟರಿನಷ್ಟು ಸೀಲೆಂಟ್ ಎಂಬ ಹಾಲಿನಂತಹ ದ್ರವವನ್ನು ಒಳಗೆ ಬಿಡುತ್ತಾರೆ. ಗಾಲಿ ತಿರುಗಿದಂತೆ ಈ ದ್ರವವು ಟಯರಿನ ಒಳಮೈಗೆಲ್ಲ ಸವರಿಕೊಳ್ಳುತ್ತದೆ. ಮುಳ್ಳು ಚುಚ್ಚಿದರೆ ಗಾಳಿಯೊಡನೆ ದ್ರವವೂ ತೂತಿಗೆ ನುಗ್ಗಿ ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಎಷ್ಟೋ ವೇಳೆ ಮುಳ್ಳು ಚುಚ್ಚಿದ ಸಂಗತಿ ಸವಾರನಿಗೆ ತಿಳಿಯುವುದು ಮನೆಗೆ ಬಂದು ಟಯರನ್ನು ಒರೆಸುವಾಗ.

ಬಹುಪಾಲು ಸೀಲೆಂಟುಗಳ ಜೀವಾಳ ರಬ್ಬರಿನ ಹಾಲು. ಹಾಸನದಿಂದ ಸಕಲೇಶಪುರವನ್ನು ದಾಟಿ ಶಿರಾಡಿ ಘಾಟಿಯನ್ನಿಳಿದರೆ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರುಗಳ ತೋಟಗಳಲ್ಲಿ ಮರದ ತೊಗಟೆಯಿಂದ ತೆಂಗಿನ ಕರಟಕ್ಕೆ ತೊಟ್ಟಿಕ್ಕುವ ಬಿಳಿಯ ಹಾಲನ್ನು ಯಾರಾದರೂ ಕಾಣಬಹುದು. ಮರವು ತನ್ನ ಗಾಯವನ್ನು ಮುಚ್ಚಿಕೊಳ್ಳಲು ಸುರಿಸುವ ಹಾಲೇ ಟಯರಿನ ಗಾಯವನ್ನೂ ಮುಚ್ಚುತ್ತದೆ.

ಲಾಭ ಇಷ್ಟೇ ಅಲ್ಲ. ಟ್ಯೂಬಿನಲ್ಲಿ ಗಾಳಿ ಕಡಿಮೆಯಾಗಿ ಗಾಲಿಯು ಗುಂಡಿಗೆ ಬಿದ್ದರೆ, ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬು ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ. ಟ್ಯೂಬೇ ಇಲ್ಲದೆಡೆ ಈ ಭಯವಿಲ್ಲ. ಆದುದರಿಂದ ಗಾಳಿಯನ್ನು ಸ್ವಲ್ಪ ತಗ್ಗಿಸಬಹುದು. ಹಿಂದೆ 23 ಮಿಲಿಮೀಟರಿನ ಟಯರಿಗೆ ಚದರಂಗುಲಕ್ಕೆ 100 ಪೌಂಡಿಗೂ ಮಿಕ್ಕ ಒತ್ತಡವನ್ನು ತುಂಬುತ್ತಿದ್ದ ಸವಾರರು, ಈಗ 28 ಮಿಲಿಮೀಟರಿನ ಟ್ಯೂಬಿಲ್ಲದ ಟಯರಿಗೆ ತೂಕಕ್ಕೆ ತಕ್ಕಂತೆ 60–70 ಪೌಂಡಿನಲ್ಲಿ ತೃಪ್ತರಾಗುತ್ತಾರೆ. ಜಲ್ಲಿ ಎದ್ದ ಹಳ್ಳಿದಾರಿಯಲ್ಲಿ ಬೆನ್ನಿಗೂ ಅಂಗೈಗೂ ಸಿಗುವ ಸುಖವನ್ನು ಅನುಭವಿಸಿದವರೇ ಬಲ್ಲರು.

ಇಷ್ಟನ್ನು ಕೇಳಿದ ಮಗನು, "ಅಪ್ಪ, ಈ ಟಯರಿಗೆ ಪಂಕ್ಚರೇ ಆಗೋದಿಲ್ಲ, ಕೊಡಿಸಿ" ಎಂದು ದುಂಬಾಲು ಬಿದ್ದರೆ ತಂದೆಯಾದವನು ಏನು ಮಾಡಬೇಕು?

ಮೊದಲು ಆ ಮಾತು ಪೂರ್ತಿ ನಿಜವಲ್ಲವೆಂಬುದನ್ನು ತಿಳಿಯಬೇಕು. ಸಣ್ಣ ಮುಳ್ಳು, ತಂತಿಗಳ ತೂತನ್ನು ಹಾಲು ಮುಚ್ಚೀತು. ಗಾಜು ಕೊಯ್ದ ಸೀಳನ್ನು ಮುಚ್ಚಲಾರದು. ಆಗ ಸಣ್ಣ ರಬ್ಬರಿನ ಬತ್ತಿಯನ್ನು ತೂತಿಗೆ ತುರುಕಬೇಕು. ಅದೂ ನಿಲ್ಲದಿದ್ದರೆ ಟಯರನ್ನು ಬಿಚ್ಚಿ ಒಳಗೆ ಟ್ಯೂಬನ್ನೇ ಹಾಕಬೇಕು. ಹಳ್ಳಿಯ ಪಂಕ್ಚರ್ ಅಂಗಡಿಯವನು ಬೋಗುಣಿಯ ನೀರಿನಲ್ಲಿ ಟ್ಯೂಬನ್ನು ಮುಳುಗಿಸಿ, ಗುಳ್ಳೆ ಏಳುವ ಕಡೆ ಉಜ್ಜಿ, ಸೊಲ್ಯೂಷನ್ ಹಚ್ಚಿ, ಕಾಲು ಗಂಟೆಯಲ್ಲಿ ಸವಾರನನ್ನು ದಾರಿಗೆ ಹತ್ತಿಸಬಲ್ಲ. ಟ್ಯೂಬಿಲ್ಲದ ಸ್ಕೂಟರು ಟಯರಿನ ವಿದ್ಯೆಯೂ ಅವನಿಗೆ ಕರಗತ. ಆದರೆ ಓಟದ ಸೈಕಲ್ಲನ್ನು ಕಂಡರೆ ಅವನೂ ತಲೆ ಕೆರೆದುಕೊಳ್ಳುತ್ತಾನೆ: "ಸ್ಕೂಟರಾಗಿದ್ರೆ ಒಂದು ಬತ್ತಿ ತುರುಕಿ ಕಳಿಸ್ತಿದ್ದೆ ಸ್ವಾಮಿ, ಇಷ್ಟು ತೆಳು ಟಯರಿಗೆ ನನ್ನ ಸೂಜಿನೇ ದಪ್ಪ ಆಯ್ತಲ್ಲ!"

ಎರಡನೆಯದು ಪಾಲನೆ. ಹಾಲು ಸದಾ ಹಾಲಾಗಿ ಉಳಿಯದು. ಬಿಸಿಲಿನ ನಾಡಿನಲ್ಲಿ ಎರಡು ಮೂರು ತಿಂಗಳಿಗೆ ಒಣಗಿ ಕೆನೆಗಟ್ಟುತ್ತದೆ. ನೆನಪಿಟ್ಟು ಮತ್ತೆ ತುಂಬದವನ ಟಯರು, ಮದ್ದಿಲ್ಲದ ಮದ್ದಿನ ಪೆಟ್ಟಿಗೆಯಂತೆ, ಬೇಕಾದಾಗ ಒದಗದು.

ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದುದು. ಟಯರಿಗೂ ರಿಮ್ಮಿಗೂ ಜಾತಕ ಕೂಡಿಬರಲೇಬೇಕು. ಟ್ಯೂಬಿಗಾಗಿ ಮಾಡಿದ ಸಾಧಾರಣ ಟಯರಿಗೆ ಹಾಲು ಸುರಿದು ಓಡಿಸುವುದು ಪ್ರಾಣಾಪಾಯದ ಸಾಹಸ. ಹೊಸ ಮಾದರಿಯ ಕೆಲವು ರಿಮ್ಮುಗಳಲ್ಲಿ ಟಯರಿನ ಅಂಚನ್ನು ಹಿಡಿಯುವ ಕೊಕ್ಕೆಯೇ ಇರುವುದಿಲ್ಲ. ಅವುಗಳಿಗೆ 5 ಬಾರ್, ಎಂದರೆ ಚದರಂಗುಲಕ್ಕೆ ಸುಮಾರು 72 ಪೌಂಡಿನ ಮಿತಿಯನ್ನು ವಿಧಿಸಿದ್ದಾರೆ. 2024ರ ಫೆಬ್ರವರಿಯಲ್ಲಿ ಅರಬ್ ಎಮಿರೇಟ್ಸಿನಲ್ಲಿ ನಡೆದ ಪಂದ್ಯದಲ್ಲಿ ಬೆಲ್ಜಿಯಂನ ತೋಮಸ್ ಡ ಗೆಂಟ್ ಎಂಬ ಅನುಭವಿ ಸವಾರನ ಟಯರು ಇಂತಹ ರಿಮ್ಮಿನಿಂದ ಕಳಚಿಕೊಂಡು ಅವನು ನೆಲಕ್ಕುರುಳಿದನು. ತಪ್ಪು ರಿಮ್ಮಿನದೋ ದಾರಿಯ ಕಲ್ಲಿನದೋ ಎಂಬ ವಾದ ಬಹಳ ದಿನ ನಡೆಯಿತು. ಪಳಗಿದ ಯಂತ್ರಕುಶಲರು ಬೆನ್ನಿಗಿರುವ ಸವಾರನಿಗೇ ಹೀಗಾಗುವುದಾದರೆ, ಪೆಟ್ರೋಲ್ ಬಂಕಿನ ಗಾಳಿಯನ್ನು ಅಂದಾಜಿನಲ್ಲಿ ತುಂಬಿಸಿಕೊಂಡು ಹೊರಡುವ ಹುಡುಗನ ಗತಿಯೇನು? ಆದುದರಿಂದ ಒತ್ತಡ ತೋರಿಸುವ ಮಾಪಕವುಳ್ಳ ಪಂಪು ಮನೆಯಲ್ಲಿರಬೇಕು. ರಿಮ್ಮಿನ ಮೇಲೆ ಮುದ್ರಿಸಿದ ಮಿತಿಯನ್ನು ಹಿರಿಯರೊಬ್ಬರು ಕಣ್ಣಾರೆ ಓದಬೇಕು.

ಹಾಗಾದರೆ ಈ ಟಯರು ಯಾರಿಗೆ? ದಿನವೂ ಶಾಲೆಗೆ ಹೋಗಿಬರುವ ಹಳ್ಳಿಯ ಹುಡುಗಿಗೆ ಹಳೆಯ ಟ್ಯೂಬೇ ಲೇಸು. ಕರ್ನಾಟಕ ಸರ್ಕಾರವು 2006–07ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟದ್ದೂ ಟ್ಯೂಬಿನ ಸೈಕಲ್ಲುಗಳನ್ನೇ. ಅದಕ್ಕೆ ಮದ್ದು ಪ್ರತಿ ಹೋಬಳಿಯಲ್ಲೂ ದೊರೆಯುತ್ತದೆ. ವಾರಕ್ಕೆ ನೂರಿನ್ನೂರು ಕಿಲೋಮೀಟರು ತುಳಿಯುವವನಿಗೆ, 200, 300, 600 ಕಿಲೋಮೀಟರುಗಳ ಬ್ರೆವೆ ಎಂಬ ದೂರಸವಾರಿಯಲ್ಲಿ ರಾತ್ರಿಯೆಲ್ಲ ರಸ್ತೆಯಲ್ಲಿರುವವನಿಗೆ, ತನ್ನ ಕೈಯಿಂದಲೇ ಗಾಲಿಯ ಆರೈಕೆ ಮಾಡಬಲ್ಲವನಿಗೆ ಟ್ಯೂಬಿಲ್ಲದ ಟಯರು ಸತ್ಯವಾಗಿಯೂ ವರವೇ ಸರಿ. ಕತ್ತಲೆಯಲ್ಲಿ, ಮಳೆಯಲ್ಲಿ, ಲಾರಿಗಳ ಅಂಚಿನಲ್ಲಿ ಕುಳಿತು ಟ್ಯೂಬು ಬದಲಿಸುವ ಗಂಡಾಂತರವನ್ನು ಅದು ಎಷ್ಟೋ ಸಲ ತಪ್ಪಿಸುತ್ತದೆ.

ಹರದನಹಳ್ಳಿಯ ಕಡೆಗೆ ಹೊರಟ ತರುಣನೂ ಊಟದ ಹೊತ್ತಿಗೆ ಮನೆ ಸೇರಿಯಾನು. ಆದರೆ ಅವನು ನಿಜವಾಗಿ ಜಾಣನಾಗಿದ್ದರೆ, ಆಸನದ ಕೆಳಗಿನ ಪುಟ್ಟ ಚೀಲವನ್ನು ತಾಯಿಯು ತೆರೆದು ನೋಡಿದಾಗ ಅಲ್ಲಿ ಬತ್ತಿಯ ಪೊಟ್ಟಣವೂ ಕೈಪಂಪೂ ಇರುತ್ತವೆ. ಅವುಗಳ ಪಕ್ಕದಲ್ಲಿ, ಅಚ್ಚುಕಟ್ಟಾಗಿ ಮಡಿಸಿಟ್ಟ ಒಂದು ಹಳೆಯ ಕಾಲದ ಟ್ಯೂಬೂ ಇರುತ್ತದೆ.