ದರಪಟ್ಟಿ ಬಾಗಿಲಲ್ಲೇ ಇರಲಿ
ಸಂಡೂರಿನ ಗಣಿ ಕಾರ್ಮಿಕರಿಗೆ, ಕಂಪ್ಲಿಯ ಭತ್ತದ ಗದ್ದೆಗಳ ಕೂಲಿಯವರಿಗೆ, ಹೊಸಪೇಟೆಯ ಬಡ ಕುಟುಂಬಗಳಿಗೆ ಜ್ವರ ಬಂದಾಗ ಕೈಗೆಟುಕುವುದು ಸಣ್ಣ ಖಾಸಗಿ ಕ್ಲಿನಿಕ್‌ಗಳೇ. ದೊಡ್ಡ ಆಸ್ಪತ್ರೆಗಳ ಅಬ್ಬರದ ಪ್ರಚಾರದ ನಡುವೆ ಅವು ಉಳಿಯಬೇಕು. ಹಾಗೆಂದು ಅಡ್ಡದಾರಿ ಬೇಡ. ವೈದ್ಯರ 2002ರ ನೀತಿ ಸಂಹಿತೆ ರೋಗಿಗಳನ್ನು ಸೆಳೆಯುವ ಜಾಹೀರಾತನ್ನೂ ಕಮಿಷನ್ ವ್ಯವಹಾರವನ್ನೂ ನಿಷೇಧಿಸಿದೆ. ಕ್ಲಿನಿಕ್ ಆರಂಭ, ವಿಳಾಸ ಬದಲಾವಣೆ, ಶುಲ್ಕಗಳನ್ನು ಪ್ರಕಟಿಸಲು ಅವಕಾಶ ಕೊಟ್ಟಿದೆ. ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ, ದರಪಟ್ಟಿ ಪ್ರದರ್ಶನ ಕಡ್ಡಾಯ. ಒಳಗೆ ಹೋಗುವ ಮೊದಲೇ ಖರ್ಚು ತಿಳಿದರೆ ರೋಗಿಗೆ ಧೈರ್ಯ, ವೈದ್ಯರಿಗೆ ವಿಶ್ವಾಸದ ಗಳಿಕೆ. ವೈದ್ಯರು ಕನ್ನಡದ ದರಪಟ್ಟಿಯನ್ನು ಬಾಗಿಲಲ್ಲೇ ಹಾಕಲಿ. ವಿಜಯನಗರ, ಬಳ್ಳಾರಿ ಜಿಲ್ಲಾಡಳಿತಗಳು ನೋಂದಣಿಯನ್ನು ಸರಳಗೊಳಿಸಿ, ನಕಲಿ ವೈದ್ಯರನ್ನು ಮುಲಾಜಿಲ್ಲದೆ ಮಟ್ಟ ಹಾಕಲಿ.