ಬೀಟೆಯ ಪೆಟ್ಟಿಗೆಯೂ ಜಿನೀವದ ಎರಡು ಚಾವಡಿಗಳೂ

ನಮ್ಮ ರಾಜೀವನಗರಕ್ಕೆ ಮಂಡಿ ಮೊಹಲ್ಲಾ ಬಹು ದೂರವೇನೂ ಅಲ್ಲ. ಬೀಟೆಯ ಹಲಗೆಯಲ್ಲಿ ಕುಳಿ ತೋಡಿ, ಬಣ್ಣಬಣ್ಣದ ಮರದ ಚೂರುಗಳನ್ನು ಕೂಡಿಸಿ, ಆನೆಯನ್ನೂ ಅಂಬಾರಿಯನ್ನೂ ಮೂಡಿಸತಕ್ಕ ಅಲ್ಲಿಯ ಕುಶಲಿಗಳ ಇನ್ಲೇ ಕೆಲಸವನ್ನು ಮೈಸೂರಿನವರೆಲ್ಲರೂ ಬಲ್ಲರು. ಆದರೆ ಆ ಪೆಟ್ಟಿಗೆಯು ಹಡಗನ್ನೇರಬೇಕಾದರೆ ಜಿನೀವ ಪಟ್ಟಣದಲ್ಲಿರುವ ಎರಡು ಚಾವಡಿಗಳ ಕಟ್ಟಳೆಗೆ ಒಳಪಡಬೇಕೆಂಬುದನ್ನು ಬಲ್ಲವರು ವಿರಳ.

ಒಂದು, 1995ರಲ್ಲಿ ಹುಟ್ಟಿದ ವಿಶ್ವ ವಾಣಿಜ್ಯ ಸಂಸ್ಥೆ. ಸರಕು ದೇಶದಿಂದ ದೇಶಕ್ಕೆ ಆದಷ್ಟು ತಡೆಯಿಲ್ಲದೆ ಹೋಗಬೇಕೆಂಬುದು ಅದರ ಮತ. ಅದರ ಒಪ್ಪಂದವೊಂದರ ದೆಸೆಯಿಂದಲೇ ಭಾರತವು 1999ರಲ್ಲಿ ಭೌಗೋಳಿಕ ಸೂಚಿಗಳ ಶಾಸನವನ್ನು ಮಾಡಿತು. ಅದರ ಮೇರೆಗೆ ‘ಮೈಸೂರು ರೋಸ್‌ವುಡ್ ಇನ್ಲೇ’ ಎಂಬ ಹೆಸರು ನಮ್ಮವರ ಸ್ವತ್ತಾಗಿ ದಾಖಲಾಯಿತು. ಇನ್ನೊಂದು, ಸೈಟಿಸ್ ಎಂಬ ಒಡಂಬಡಿಕೆ. ಅಳಿವಿನ ಭಯವುಳ್ಳ ಪ್ರಾಣಿ ಸಸ್ಯಗಳ ವ್ಯಾಪಾರಕ್ಕೆ ಮೇರೆ ಹಾಕುವುದು ಅದರ ಕಾರ್ಯ. 1973ರಲ್ಲಿ ವಾಷಿಂಗ್ಟನ್ನಿನಲ್ಲಿ ಸಹಿಯಾಗಿ 1975ರಲ್ಲಿ ಜಾರಿಗೆ ಬಂದ ಇದಕ್ಕೆ ಭಾರತವು ಮರುವರ್ಷವೇ ಸೇರಿತು. ಒಂದು ಚಾವಡಿ ಪೆಟ್ಟಿಗೆಯ ಹೆಸರನ್ನು ಕಾಯುವುದು. ಮತ್ತೊಂದು ಅದರ ಮರವನ್ನು ತೂಗುವುದು.

ಈ ಕಸುಬಿಗೆ ತಡೆ ಬಂದುದು ಇದೇ ಮೊದಲಲ್ಲ. ಹಿಂದೆ ಬಿಳುಪಿಗಾಗಿ ದಂತವನ್ನು ಕೂಡಿಸುತ್ತಿದ್ದರು. ಭಾರತದ ಆನೆಯ ದಂತದ ವ್ಯಾಪಾರವನ್ನು ನಮ್ಮ ಶಾಸನವು 1986ರಲ್ಲಿ ನಿಲ್ಲಿಸಿತು. ಆಫ್ರಿಕದ ದಂತವನ್ನು 1989ರ ಸೈಟಿಸ್ ಸಭೆಯು ನಿಷೇಧಿಸಲು, 1991ರಲ್ಲಿ ನಮ್ಮ ದೇಶವೂ ಅದಕ್ಕೆ ಬಾಗಿಲಿಕ್ಕಿತು. ದಂತದ ಸ್ಥಾನಕ್ಕೆ ಪ್ಲಾಸ್ಟಿಕ್ ಬಂದಿತು. ನೋಟಕ್ಕೆ ಕೊಂಚ ಕುಂದೇ ಸರಿ. ಆದರೂ ಆನೆಯನ್ನು ಕೊಂದು ಆನೆಯ ಚಿತ್ರವನ್ನು ಮಾಡುವುದು ತಪ್ಪಿತಷ್ಟೆ!

ಬೀಟೆಯ ವಿಷಯವು ಅಷ್ಟು ಸರಳವಲ್ಲ. 2016ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ನೆರೆದ ಸಭೆಯು ಬೀಟೆಯ ಕುಲವಾದ ಡಾಲ್ಬರ್ಜಿಯವನ್ನೆಲ್ಲ ಒಟ್ಟಾಗಿ ಪಟ್ಟಿಗೆ ಸೇರಿಸಿತು. ಸೀಳಿದ ಹಲಗೆಯನ್ನು ನೋಡಿ ಜಾತಿಯನ್ನು ಹೇಳುವುದು ಸುಂಕದ ಅಧಿಕಾರಿಗೆ ದುಸ್ಸಾಧ್ಯ. ಕಳ್ಳಸಾಗಣೆಯವರಿಗೆ ಅದೇ ಅನುಕೂಲ. ಹೀಗಾಗಿ ಕಾಡಿನಲ್ಲಿ ಕ್ಷೀಣಿಸುತ್ತಿರುವ ನಮ್ಮ ಬೀಟೆಯೊಂದಿಗೆ, ಉತ್ತರದೇಶದಲ್ಲಿ ಹೊಲದ ಬದುಗಳ ಮೇಲೂ ಬೆಳೆಯುವ ಶೀಶಂ ಕೂಡ ಪಟ್ಟಿಗೆ ಬಿದ್ದಿತು. ಸುಂದರಕಾಂಡದಲ್ಲಿ ಹನುಮಂತನು ಅಡಗಿ ಕುಳಿತ ಶಿಂಶಪಾವೃಕ್ಷವು ಇದೇ ಎನ್ನುವರು.

ಮರಕ್ಕೆ ರಕ್ಷಣೆ ಅವಶ್ಯವೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅಳತೆಯನ್ನು ನೋಡಿರಿ. 2019ರ ಜಿನೀವ ಸಭೆಯಲ್ಲಿ ಸಿದ್ಧವಾದ ಸಂಗೀತವಾದ್ಯಗಳಿಗೆ ಪೂರ್ತಿ ವಿನಾಯಿತಿ ದೊರೆಯಿತು. ಉಳಿದ ಸಿದ್ಧವಸ್ತುಗಳಿಗೆ ಸಾಗಣೆಯೊಂದಕ್ಕೆ 10 ಕಿಲೋಗ್ರಾಮ್ ಮರದವರೆಗೆ ಮಾತ್ರ. ಪರದೇಶದಲ್ಲಿರುವ ಮಗಳಿಗೆ ಕುಂಕುಮದ ಪೆಟ್ಟಿಗೆಯೊಂದನ್ನು ಒಯ್ಯುವ ತಾಯಿಗೆ ಇದರಿಂದ ಬಾಧಕವಿಲ್ಲ. ನೂರು ಪೆಟ್ಟಿಗೆಗಳನ್ನು ಒಟ್ಟಿಗೆ ಕಳುಹಿಸಿ ಹೊಟ್ಟೆ ಹೊರೆಯತಕ್ಕವನಿಗಾದರೋ ಕಾಗದಪತ್ರಗಳ ತೊಡಕು. ವಾದ್ಯಗಾರರ ಮೊರೆ ಸಭೆಗೆ ಮುಟ್ಟಿದಷ್ಟು ಬೇಗ ಪೆಟ್ಟಿಗೆ ಮಾಡುವವನ ಮೊರೆ ಮುಟ್ಟಲಿಲ್ಲವೆಂದೇ ನನ್ನ ಅಭಿಪ್ರಾಯ.

ಹಾಗಾದರೆ ವಾಣಿಜ್ಯದ ಚಾವಡಿಯಲ್ಲಿ ದೂರು ಕೊಡಬಹುದಲ್ಲವೇ ಎಂದು ವಾಚಕರು ಕೇಳಬಹುದು. ಆಮೆಗಳನ್ನು ಉಳಿಸುವ ಸಾಧನವಿಲ್ಲದೆ ಹಿಡಿದ ಸೀಗಡಿಯನ್ನು ಅಮೆರಿಕವು ನಿರಾಕರಿಸಿದಾಗ ಭಾರತ, ಮಲೇಷ್ಯ, ಪಾಕಿಸ್ತಾನ, ಥಾಯ್ಲೆಂಡುಗಳು ಅಲ್ಲಿ ವ್ಯಾಜ್ಯ ಹೂಡಿದುವು. 1998ರಲ್ಲಿ ಮೇಲ್ಮನವಿಯ ಪೀಠವು ಸೈಟಿಸ್‌ನ ಪಟ್ಟಿಯನ್ನೇ ಪ್ರಮಾಣವಾಗಿ ತೆಗೆದುಕೊಂಡು, ಕಡಲಾಮೆಗಳು ನಶಿಸುವ ಸಂಪತ್ತೆಂದು ಒಪ್ಪಿತು. ಅಮೆರಿಕವು ದೇಶದೇಶಗಳ ನಡುವೆ ಪಕ್ಷಪಾತ ಮಾಡಿತೆಂಬುದಷ್ಟನ್ನೇ ತಪ್ಪೆಂದಿತು. ವಾಣಿಜ್ಯದವರು ವನರಕ್ಷಕರ ಪಟ್ಟಿಗೆ ಮನ್ನಣೆ ಕೊಡುವರೆಂಬುದು ಇದರಿಂದ ಸ್ಪಷ್ಟ. ಮೇಲಾಗಿ 2019ರ ಡಿಸೆಂಬರಿನಲ್ಲಿ, ಹೊಸಬರ ನೇಮಕಕ್ಕೆ ಅಮೆರಿಕವು ಒಪ್ಪದೆ, ಆ ಪೀಠವೇ ಕೆಲಸವಿಲ್ಲದೆ ನಿಂತಿತು.

ಆದಕಾರಣ ಪರಿಹಾರವನ್ನು ಸೈಟಿಸ್‌ನಲ್ಲಿಯೇ ಬೇಡಬೇಕಾಯಿತು. 2022ರ ನವೆಂಬರಿನಲ್ಲಿ ಪನಾಮದ ಸಭೆಯು ಭಾರತದ ಮಾತಿಗೆ ಓಗೊಟ್ಟು, ತೂಕವನ್ನು ಇಡೀ ಸಾಗಣೆಗಲ್ಲ, ಒಂದೊಂದು ವಸ್ತುವಿಗೇ ಎಣಿಸಬೇಕೆಂದೂ, ಅದರಲ್ಲಿರುವ ಲೋಹ ಮೊದಲಾದುವನ್ನು ಲೆಕ್ಕಕ್ಕೆ ಹಿಡಿಯಲಾಗದೆಂದೂ ತಿಳಿಸಿತು. ನಮ್ಮ ಸರ್ಕಾರವು ಆಗ ಹೊರಡಿಸಿದ ಪ್ರಕಟಣೆಯು ಹೇಳಿದ್ದು ಶೀಶಮ್ಮನ್ನು ಕುರಿತು. ಮೈಸೂರಿನ ಪೆಟ್ಟಿಗೆಯ ಹಲಗೆಯಾದರೋ ಬೀಟೆ.