ಸ್ಕ್ಯಾನಿಂಗ್: ಭಯವೂ ಬೇಡ, ಹುಚ್ಚೂ ಬೇಡ

ಗರ್ಭಿಣಿಯರ ಸ್ಕ್ಯಾನಿಂಗ್ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಹೊಟ್ಟೆಗೆ ಯಂತ್ರ ಹಚ್ಚಿದರೆ ಕೂಸಿಗೆ ಪೆಟ್ಟು’ ಎಂಬುದು ಹಿರಿಯರ ಅಂಜಿಕೆ. ‘ಬರೀ ಶಬ್ದ, ತಿಂಗಳಿಗೊಮ್ಮೆ ನೋಡಿದರೇನು’ ಎಂಬುದು ಹೊಸ ದಂಪತಿಗಳ ಉತ್ಸಾಹ. ಶಬ್ದಕ್ಕೂ ಜೀವಕೋಶಕ್ಕೂ ಇರುವ ಸಂಬಂಧವನ್ನು ತಿಳಿದುಕೊಂಡರೆ ಇವೆರಡೂ ಸರಿಯಲ್ಲವೆಂದು ಮನದಟ್ಟಾಗುತ್ತದೆ.

ನಮ್ಮ ಕಿವಿಗೆ ಕೇಳಿಸುವುದು ಸೆಕೆಂಡಿಗೆ 20ರಿಂದ 20,000 ಕಂಪನಗಳ ಶಬ್ದ. ಹೊಟ್ಟೆಯ ಸ್ಕ್ಯಾನಿಂಗ್‌ಗೆ ಬಳಸುವ ಶ್ರವಣಾತೀತ ಶಬ್ದದಲ್ಲಿ ಸೆಕೆಂಡಿಗೆ ಸುಮಾರು 20ರಿಂದ 50 ಲಕ್ಷ ಕಂಪನಗಳಿರುತ್ತವೆ. ಇದು ಎಕ್ಸ್-ರೇಯಂತಹ ವಿಕಿರಣವಲ್ಲ, ಒತ್ತಡದ ಅಲೆ. ಆದರೂ ತಾನು ಹಾದುಹೋಗುವ ಅಂಗವನ್ನು ಅದು ಅಲುಗಿಸುತ್ತದೆ, ತುಸು ಬಿಸಿಯನ್ನೂ ಮಾಡುತ್ತದೆ.

ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ದುಡಿಯುವವರಿಗೆ ಪಂಪುಗಳೊಳಗಿನ ಗುಳ್ಳೆಗಳ ಪೀಡೆ ಗೊತ್ತಿರುತ್ತದೆ. ಒತ್ತಡ ಕುಸಿದಲ್ಲಿ ನೀರಿನಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ಒತ್ತಡ ಏರಿದಲ್ಲಿ ಅವು ಕುಸಿದು ಲೋಹದ ಮೇಲೂ ಗುಳಿ ಬೀಳಿಸುತ್ತವೆ. ಲೋಹದ ಗತಿಯೇ ಹೀಗಾದರೆ ಮೆತ್ತನೆಯ ಜೀವಕೋಶದ ಪಾಡೇನು?

ವೈದ್ಯವಿಜ್ಞಾನ ಈ ಗುಳ್ಳೆಗಳನ್ನೇ ಪಳಗಿಸಿದೆ. ಕೆಂಪು ರಕ್ತಕಣಕ್ಕಿಂತ ಚಿಕ್ಕದಾದ ಅನಿಲದ ಗುಳ್ಳೆಗಳನ್ನು ರಕ್ತನಾಳಕ್ಕೆ ಚುಚ್ಚಿದರೆ ಹೃದಯ, ಯಕೃತ್ತುಗಳ ಚಿತ್ರ ಸ್ಪಷ್ಟವಾಗಿ ಮೂಡುತ್ತದೆ. ಶಬ್ದದ ತಾಳಕ್ಕೆ ಅವು ಹಿಗ್ಗಿ ಕುಗ್ಗುತ್ತವೆ. ಶಬ್ದ ಬಲವಾದರೆ ಪಕ್ಕದ ಜೀವಕೋಶದ ಪೊರೆಯಲ್ಲಿ ರಂಧ್ರ ಬೀಳಬಹುದು. ಕೋಶದ ಒಳಗಿಗಿಂತ ಹೊರಗೆ ಕ್ಯಾಲ್ಸಿಯಂ ಸುಮಾರು 10,000 ಪಟ್ಟು ಹೆಚ್ಚು. ಆದ್ದರಿಂದ ಕಾಲುವೆಯ ತೂಬು ಎತ್ತಿದಂತೆ ಅದು ಒಳನುಗ್ಗುತ್ತದೆ.

ಕ್ಯಾಲ್ಸಿಯಂ ಎಂದರೆ ಎಲುಬು, ಹಲ್ಲು ಮಾತ್ರವಲ್ಲ. ಕೋಶದೊಳಗೆ ಅದು ಸುದ್ದಿ ಒಯ್ಯುವ ದೂತ. ಸ್ನಾಯು ಬಿಗಿಯುವುದು, ನರಗಳು ಮಾತಾಡುವುದು ಅದರಿಂದಲೇ. ಅದು ಒಮ್ಮೆಲೇ ಏರಿದಾಗ ಸುದ್ದಿ ನೆರೆಯ ಕೋಶಗಳಿಗೂ ಅಲೆಯಾಗಿ ಹಬ್ಬುವುದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ರಂಧ್ರ ಚಿಕ್ಕದಾದರೆ ಕೋಶ ಅದನ್ನು ಮುಚ್ಚಿ, ಹೆಚ್ಚಾದ ಕ್ಯಾಲ್ಸಿಯಂ ಹೊರದೂಡಿ ಚೇತರಿಸಿಕೊಳ್ಳುತ್ತದೆ. ದೊಡ್ಡದಾದರೆ ಸಾಯುತ್ತದೆ. ಗುಳ್ಳೆ ಮತ್ತು ಶಬ್ದದ ಇದೇ ಜೋಡಿಯನ್ನು ಹದವರಿತು ಬಳಸಿ, 2015ರಲ್ಲಿ ಕೆನಡಾದ ಟೊರಾಂಟೊದಲ್ಲಿ ರೋಗಿಯೊಬ್ಬರ ಮಿದುಳಿನ ಗಡ್ಡೆಗೆ ಔಷಧಿ ತಲುಪಿಸಲು ರಕ್ತನಾಳಗಳ ತಡೆಯನ್ನು ಕೊಂಚ ಹೊತ್ತು ಸಡಿಲಿಸಿದರು.

ಹಾಗಾದರೆ ಗರ್ಭದ ಕೂಸಿಗೆ ಅಪಾಯವೇ? ಗರ್ಭಿಣಿಯರ ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಈ ಗುಳ್ಳೆಗಳನ್ನು ಚುಚ್ಚುವುದಿಲ್ಲ. ಹುಟ್ಟುವ ಮುನ್ನ ಕೂಸಿನ ಶ್ವಾಸಕೋಶದಲ್ಲಿ ಗಾಳಿಯೂ ಇರುವುದಿಲ್ಲ. ಶಬ್ದದ ಬಲಕ್ಕೂ ಮಿತಿಯುಂಟು. ಗ್ಲಾಸ್ಗೋದ ಇಯಾನ್ ಡೊನಾಲ್ಡ್ 1958ರಲ್ಲಿ ಈ ವಿಧಾನವನ್ನು ಪ್ರಕಟಿಸಿದಂದಿನಿಂದ ಇಂದಿನವರೆಗೆ ವೈದ್ಯರು ಹೇಳಿ ಮಾಡಿಸಿದ ಸ್ಕ್ಯಾನಿಂಗ್‌ನಿಂದ ಕೂಸಿಗೆ ಹಾನಿಯಾದದ್ದು ಸಿದ್ಧವಾಗಿಲ್ಲ. 24 ವಾರ ತುಂಬುವ ಮೊದಲು ಒಂದು ಸ್ಕ್ಯಾನಿಂಗ್ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸಲಹೆ ನೀಡಿದೆ. ಅವಳಿ ಜವಳಿ, ಅಂಗದೋಷ, ದಿನಗಳ ಲೆಕ್ಕ ಮೊದಲೇ ತಿಳಿದರೆ ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ದೊಡ್ಡ ಆಸ್ಪತ್ರೆಗೆ ಬರುವ ಸಿದ್ಧತೆಯನ್ನು ಸಕಾಲದಲ್ಲಿ ಮಾಡಿಕೊಳ್ಳಬಹುದು. ಅಂಜಿಕೊಂಡು ಇದನ್ನು ತಪ್ಪಿಸುವುದೇ ನಿಜವಾದ ಅಪಾಯ.

ಆದರೆ ಶಬ್ದ ಜೀವಕೋಶವನ್ನು ಮುಟ್ಟಬಲ್ಲದು ಎಂದ ಮೇಲೆ, ಬರೀ ಮುಖ ನೋಡುವ ಆಸೆಗೆ, ಫೋಟೊ ತೆಗೆಸಿಕೊಳ್ಳುವ ಶೋಕಿಗೆ ಅದನ್ನು ಬಳಸುವುದು ಒಳ್ಳೆಯದಲ್ಲ. ಇನ್ನು ಗಂಡೋ ಹೆಣ್ಣೋ ಎಂದು ಕೇಳುವುದಂತೂ 1994ರ ಕಾಯ್ದೆಯ ಪ್ರಕಾರ ಅಪರಾಧ.

ಸ್ಕ್ಯಾನಿಂಗ್ ಬರೆದುಕೊಟ್ಟಾಗ ‘ಇದು ಏತಕ್ಕೆ ಡಾಕ್ಟರೇ?’ ಎಂದು ಕೇಳುವುದು ತಪ್ಪಲ್ಲ. ಎರಡು ನಿಮಿಷ ಬಿಡುವು ಮಾಡಿಕೊಂಡು ತಿಳಿಗನ್ನಡದಲ್ಲಿ ಉತ್ತರಿಸುವುದು ವೈದ್ಯರ ಹೊಣೆ. ಆ ಎರಡು ನಿಮಿಷ ಉಳಿಸಹೋಗಿಯೇ ಭಯವೂ ಹುಚ್ಚೂ ಒಟ್ಟಿಗೆ ಬೆಳೆಯುತ್ತಿವೆ.